ಸರೋವರದ ದಡ, ಕಾಡಿನಂಚು: ಸೌಕರ್ಯವಿಲ್ಲದ ಕ್ಯಾಂಪ್ ಜಾಗದಲ್ಲಿ ಟೆಂಟ್ ಹಾಕಿ ಉಳಿಯುವುದು ಹೇಗೆ

ಮೊದಲ ಸಲ ಹೊರಡುವವರು ಕೇಳುವುದು ಒಂದೇ: ‘ಯಾವ ಟೆಂಟ್ ಕೊಳ್ಳಲಿ?’ ಹೋಗಿ ಬಂದವರ ಪ್ರಶ್ನೆ ಬೇರೆ: ‘ರಾತ್ರಿಯೆಲ್ಲ ನಡುಗಿದೆವು, ಬೆಳಿಗ್ಗೆ ನೋಡಿದರೆ ಟೆಂಟೊಳಗೆಲ್ಲ ನೀರು. ಟೆಂಟ್ ಕಳಪೆಯದ್ದಾ?’ ಬಹಳಷ್ಟು ಸಲ ಟೆಂಟ್ ಸರಿಯಾಗಿಯೇ ಇರುತ್ತದೆ. ಅದನ್ನು ಹಾಕಿದ ಜಾಗ ಸರಿಯಿರುವುದಿಲ್ಲ, ಇಲ್ಲವೇ ಕತ್ತಲಾದ ಮೇಲೆ ಅವಸರದಲ್ಲಿ ಹಾಕಿರುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಸಾಮಾನಿನ ಮಾತು ಸ್ವಲ್ಪ, ಜಾಗದ ಮಾತು ಹೆಚ್ಚು.

ಇಲ್ಲಿ ಹೇಳುತ್ತಿರುವುದು ಅತಿ ಕಡಿಮೆ ವ್ಯವಸ್ಥೆ ಇರುವ ಕ್ಯಾಂಪ್ ಜಾಗಗಳ ಬಗ್ಗೆ. ವಾಹನ ನಿಲ್ಲಿಸಲು ಒಂದಿಷ್ಟು ಜಾಗ, ಟೆಂಟಿಗೆ ಸಮತಟ್ಟು ನೆಲ, ಬೆಂಕಿ ಹಾಕಲು ಕಬ್ಬಿಣದ ಬಳೆಯೋ ಕಲ್ಲಿನ ವೃತ್ತವೋ, ಒಂದು ಗುಂಡಿ ಶೌಚಾಲಯ, ಅದೃಷ್ಟವಿದ್ದರೆ ಒಂದು ಕೈಪಂಪು. ಕರೆಂಟಿಲ್ಲ, ಸ್ನಾನದ ಮನೆಯಿಲ್ಲ, ಅಂಗಡಿಯಿಲ್ಲ. ಫೋನಿಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು.

1. ಹೊರಡುವ ಮುನ್ನ ವಿಚಾರಿಸಿಕೊಳ್ಳಿ

ಜಾಗ ನೋಡಿಕೊಳ್ಳುವವರನ್ನು ನಾಲ್ಕು ವಿಷಯ ಕೇಳಿ. ಕುಡಿಯುವ ನೀರು ಅಲ್ಲಿ ಸಿಗುತ್ತದೆಯೇ, ಸಿಕ್ಕರೂ ಈ ತಿಂಗಳಲ್ಲಿ ಪಂಪು ನಡೆಯುತ್ತಿದೆಯೇ? ಬೆಂಕಿ ಹಾಕಲು ಸದ್ಯಕ್ಕೆ ಅನುಮತಿ ಇದೆಯೇ? ಒಣ ಕಾಲದಲ್ಲಿ ಅದನ್ನು ಏಕಾಏಕಿ ನಿಷೇಧಿಸುವುದುಂಟು. ಜಾಗ ಮೊದಲೇ ಕಾದಿರಿಸಬೇಕೇ, ಅಥವಾ ಮೊದಲು ಬಂದವರಿಗೆ ಮೊದಲೇ? ಕಾಡುಪ್ರಾಣಿಗಳಿಂದ ಊಟ ಕಾಪಾಡಲು ಅಲ್ಲಿನ ನಿಯಮವೇನು?

ಹವಾಮಾನ ನೋಡುವಾಗ ಎಲ್ಲರ ಕಣ್ಣೂ ಹಗಲಿನ ಬಿಸಿಲಿನ ಮೇಲೆ. ನಿಮಗೆ ಬೇಕಿರುವುದು ರಾತ್ರಿಯ ಕನಿಷ್ಠ ಉಷ್ಣಾಂಶ ಮತ್ತು ಗಾಳಿಯ ದಿಕ್ಕು. ಆ ಕನಿಷ್ಠ ಅಂಕಿಯೂ ಹತ್ತಿರದ ಊರಿನ ಲೆಕ್ಕ; ನೀರು, ಕಾಡು, ತಗ್ಗು ಸೇರಿದ ಕಡೆ ಅದಕ್ಕಿಂತ ಕೆಲವು ಡಿಗ್ರಿ ತಂಪೆಂದೇ ತಯಾರಾಗಿ. ಭೂಪಟವನ್ನು ಫೋನಿಗೆ ಇಳಿಸಿಕೊಳ್ಳಿ. ಎಲ್ಲಿಗೆ ಹೋಗುತ್ತಿದ್ದೀರಿ, ಯಾವಾಗ ಮರಳುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ.

2. ಸಾಮಾನು: ಎಲ್ಲಿ ಜಿಪುಣತನ ಬೇಡ

ಟೆಂಟಿನ ಮೇಲೆ ‘ನಾಲ್ಕು ಜನಕ್ಕೆ’ ಎಂದಿದ್ದರೆ ನಾಲ್ಕು ಮ್ಯಾಟ್ ಅಂಚಿಗಂಚು ತಾಗಿಸಿ ಹಾಸಬಹುದು ಎಂದಷ್ಟೇ ಅರ್ಥ. ಬ್ಯಾಗು, ಬೂಟು, ಮಗ್ಗುಲು ಬದಲಿಸುವುದು ಅದರ ಲೆಕ್ಕದಲ್ಲಿಲ್ಲ. ಇಬ್ಬರಿಗೆ ಮೂವರದ್ದು, ಮೂವರಿಗೆ ನಾಲ್ವರದ್ದು ಕೊಳ್ಳಿ. ಎರಡು ಪದರದ ಟೆಂಟೇ ಇರಲಿ: ಒಳಗೆ ಗಾಳಿಯಾಡುವ ಜಾಲರಿಯ ಗೂಡು, ಅದರ ಮೇಲೆ ಬೇರೆಯೇ ಆದ ಮಳೆಹೊದಿಕೆ. ಈ ಹೊದಿಕೆಗೆ ರೈನ್ ಫ್ಲೈ ಎನ್ನುತ್ತಾರೆ. ಅದರ ಜಲನಿರೋಧ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ, ಅಂದರೆ ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಕಂಬವನ್ನು ತಡೆಯುತ್ತದೆ ಎಂಬ ಅಳತೆ. ಹೊದಿಕೆಗೆ 1500 ಇದ್ದರೆ ಸಾಮಾನ್ಯ ಮಳೆಗೆ ಸಾಕು. ನೆಲದ ಬಟ್ಟೆಯ ಮೇಲೆ ಮೈಭಾರ ಬೀಳುವುದರಿಂದ ಅಲ್ಲಿ 3000ದ ಆಸುಪಾಸು ಇರಲಿ.

ಹಣ ಉಳಿಸಬಾರದ್ದು ಮ್ಯಾಟಿನಲ್ಲಿ. ದಪ್ಪ ಸ್ಲೀಪಿಂಗ್ ಬ್ಯಾಗ್ ತಂದು, ಕೆಳಗೆ ತೆಳ್ಳನೆಯ ಚಾಪೆ ಹಾಸಿ, ಬೆನ್ನಿಗೆ ಚಳಿ ಹೊಡೆಯಿತು ಎನ್ನುವವರೇ ಹೆಚ್ಚು. ಬ್ಯಾಗಿನೊಳಗಿನ ಕೃತಕ ನಾರೋ ಗರಿಯೋ ನಿಮ್ಮ ಮೈಭಾರಕ್ಕೆ ಅದುಮಿಹೋಗುತ್ತದೆ. ಅದುಮಿದ ಕಡೆ ಗಾಳಿ ಉಳಿಯುವುದಿಲ್ಲ, ಗಾಳಿಯಿಲ್ಲದ ಕಡೆ ಬೆಚ್ಚಗೂ ಇರುವುದಿಲ್ಲ. ನೆಲಕ್ಕೆ ಹರಿದುಹೋಗುವ ಶಾಖವನ್ನು ತಡೆಯುವುದು ಮ್ಯಾಟ್ ಮಾತ್ರ. ಆ ತಡೆಯ ಅಳತೆಯೇ ಅದರ ಮೇಲೆ ಬರೆದ ಆರ್-ವ್ಯಾಲ್ಯೂ. ಬೆಚ್ಚಗಿನ ರಾತ್ರಿಗೆ 2, ಚಳಿಯ ರಾತ್ರಿಗೆ 4ರ ಮೇಲೆ ನೋಡಿ. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಎರಡರ ಅಂಕಿಯೂ ಕೂಡಿಕೊಳ್ಳುತ್ತದೆ.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಉಷ್ಣಾಂಶಗಳಿರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಹಾಯಾಗಿ ನಿದ್ದೆ ಮಾಡಲು ಮೊದಲನೆಯದು. ಎರಡನೆಯದು ಮುದುಡಿ ಮಲಗಿ ಹೇಗೋ ರಾತ್ರಿ ದೂಡುವವರಿಗೆ. ಮೂರನೆಯದು ಬರೀ ಜೀವ ಉಳಿಸಿಕೊಳ್ಳುವ ಅಂಕಿ, ಅದನ್ನು ನೋಡಿ ಕೊಳ್ಳಲೇಬೇಡಿ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಹಲವು ಸಲ ಕಂಫರ್ಟ್ ಅಲ್ಲ ಎಂಬುದು ನೆನಪಿರಲಿ.

ಉಳಿದದ್ದು ಚಿಕ್ಕ ಪಟ್ಟಿ: ತಲೆಗೆ ಕಟ್ಟುವ ಟಾರ್ಚು ಒಬ್ಬರಿಗೊಂದು, ಹೆಚ್ಚುವರಿ ಗೂಟ, ಹತ್ತಿಪ್ಪತ್ತು ಮೀಟರ್ ಹಗ್ಗ, ಟಾರ್ಪಾಲು ಎರಡು (ಟೆಂಟಿನಡಿ ಹಾಸಲು ಒಂದು, ಹೆಚ್ಚುವರಿ ಒಂದು), ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಚಿಮುಟ, ಕಸಕ್ಕೆ ಚೀಲ, ನೀರು ಒಯ್ಯಲು ಕ್ಯಾನು. ಹೊಸ ಟೆಂಟಾದರೆ ಹೊರಡುವ ಮುನ್ನ ಒಮ್ಮೆ ಬಯಲಲ್ಲಿ ಹಾಕಿ ನೋಡಿ. ಕಂಬವೊಂದು ಕಡಿಮೆಯಿದೆ ಎಂದು ಗೊತ್ತಾಗಬೇಕಾದದ್ದು ಆಗ, ಕಾಡು ಸೇರಿದ ಮೇಲಲ್ಲ.

3. ಬೆಳಕಿರುವಾಗಲೇ ತಲುಪಿ, ಜಾಗ ಹುಡುಕಿ

ಸೂರ್ಯ ಮುಳುಗಲು ಎರಡು ಗಂಟೆಯಾದರೂ ಇರುವಾಗ ಅಲ್ಲಿರಿ. ಸಾಮಾನು ಇಳಿಸುವ ಮೊದಲು ಬರಿಗೈಯಲ್ಲಿ ಒಂದು ಸುತ್ತು ಹಾಕಿ. ಒಮ್ಮೆ ಬ್ಯಾಗುಗಳನ್ನು ಕೆಳಗಿಟ್ಟರೆ ಆಯಿತು, ಆ ಜಾಗವೇ ಚೆನ್ನಾಗಿದೆ ಅನ್ನಿಸಲು ಶುರುವಾಗುತ್ತದೆ.

ಮೊದಲು ತಲೆಯೆತ್ತಿ ನೋಡಿ. ಮೇಲೆ ಒಣಗಿದ ಕೊಂಬೆ, ಮುರಿದು ಇನ್ನೊಂದು ಕೊಂಬೆಗೆ ಸಿಕ್ಕಿಕೊಂಡ ರೆಂಬೆ, ಪಕ್ಕದಲ್ಲಿ ತೊಗಟೆ ಸುಲಿದು ನಿಂತ ಸತ್ತ ಮರ ಇದ್ದರೆ ಅಲ್ಲಿಂದ ಸರಿಯಿರಿ. ಇಂಥವು ಬೀಳಲು ಬಿರುಗಾಳಿಯೇ ಬೇಕೆಂದಿಲ್ಲ. ಎಲ್ಲಕ್ಕಿಂತ ಎತ್ತರವಾಗಿ ಒಂಟಿಯಾಗಿ ನಿಂತ ಮರದ ಬುಡವೂ ಬೇಡ, ಅದು ಸಿಡಿಲನ್ನು ಕರೆಯುವ ಮರ.

ಆಮೇಲೆ ಕೆಳಗೆ ನೋಡಿ. ಮಳೆ ಬಂದರೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೆಲವೇ ಹೇಳುತ್ತದೆ. ತರಗೆಲೆಗಳು ಒಂದೇ ದಿಕ್ಕಿಗೆ ಕೊಚ್ಚಿಕೊಂಡು ಬಂದು ಗುಪ್ಪೆಯಾಗಿವೆಯೇ? ಅದು ನೀರಿನ ದಾರಿ. ಸುತ್ತ ಎಲ್ಲ ಹುಲ್ಲಿದ್ದು ನಡುವೆ ಮಾತ್ರ ನುಣ್ಣಗೆ ಬಿರಿದ ಮಣ್ಣಿದೆಯೇ? ಅದು ಹಿಂದಿನ ಮಳೆಯಲ್ಲಿ ನೀರು ನಿಂತು ಆರಿದ ಗುಂಡಿ. ಮೋಸ ಹೋಗುವುದು ಇಲ್ಲಿಯೇ, ಏಕೆಂದರೆ ಇಡೀ ಜಾಗದಲ್ಲಿ ಅತಿ ಸಮತಟ್ಟಾಗಿ ಕಾಣುವುದು ಆ ಗುಂಡಿಯೇ. ಹಲವರು ಟೆಂಟ್ ಹಾಕಿ ಹಾಕಿ ಗಟ್ಟಿಯಾಗಿ ತಟ್ಟಿಹೋದ ನೆಲವೂ ನೀರು ಕುಡಿಯುವುದಿಲ್ಲ. ಒಂಚೂರು ಇಳಿಜಾರಿದ್ದರೆ ಚಿಂತೆಯಿಲ್ಲ, ತಲೆ ಎತ್ತರದ ಕಡೆಗಿಟ್ಟು ಮಲಗಿದರಾಯಿತು. ಅಡ್ಡಕ್ಕೆ ಇಳಿಜಾರಿದ್ದರೆ ಮಾತ್ರ ರಾತ್ರಿಯಿಡೀ ಒಬ್ಬರ ಮೇಲೊಬ್ಬರು ಉರುಳುತ್ತಿರುತ್ತೀರಿ. ಇರುವೆ ಗೂಡು, ಹುತ್ತ, ಪ್ರಾಣಿಗಳು ನೀರಿಗೆ ಇಳಿಯುವ ಸವೆದ ಕಾಲುದಾರಿ ಇವೆಯೇ ಎಂದೂ ನೋಡಿ.

ಈಗ ನೀರಿನ ವಿಷಯ. ಎಲ್ಲರಿಗೂ ಬೇಕಿರುವುದು ಟೆಂಟಿನ ಬಾಗಿಲು ತೆರೆದರೆ ಸರೋವರ ಕಾಣುವ ಜಾಗ. ಚಿತ್ರ ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲ, ಮಲಗಲು ಅದಕ್ಕಿಂತ ಕೆಟ್ಟದ್ದೂ ಇಲ್ಲ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ದಡದಲ್ಲಿ ಮಡುಗಟ್ಟುತ್ತದೆ. ನೀರಿನ ತೇವ ಅದಕ್ಕೆ ಸೇರಿದರೆ ಮಂಜು, ಇಬ್ಬನಿ, ಬೆಳಿಗ್ಗೆ ತೊಟ್ಟಿಕ್ಕುವ ಟೆಂಟು. ಸೊಳ್ಳೆಗಳ ತವರೂ ಅಲ್ಲೇ. ಬಯಲು ನೀರಿನ ಮೇಲೆ ಬೀಸುವ ಗಾಳಿಗೆ ಅಡ್ಡವೂ ಇಲ್ಲ. ದಡದಲ್ಲಿ ಕಡ್ಡಿ, ಜೊಂಡು, ಕಸ ಸಾಲಾಗಿ ಒಣಗಿದ್ದರೆ ನೀರು ಅಲ್ಲಿಯವರೆಗೆ ಏರಿತ್ತು ಎಂದರ್ಥ. ಪ್ರಕೃತಿಗೆ ಹಾನಿಯಾಗದಂತೆ ಕ್ಯಾಂಪ್ ಮಾಡುವವರು ಪಾಲಿಸುವ ಸಾಮಾನ್ಯ ನಿಯಮ ನೀರಿನಿಂದ 60 ಮೀಟರ್ ದೂರ, ದೊಡ್ಡವರ ನಡಿಗೆಯಲ್ಲಿ ಸುಮಾರು 80 ಹೆಜ್ಜೆ. ದಡದಿಂದ ನಾಲ್ಕಾರು ಮೀಟರ್ ಎತ್ತರದಲ್ಲಿ, ಮರಗಳ ಸಾಲಿನ ಒಳಗೆ ಮಲಗಿ. ಕುರ್ಚಿ ಬೇಕಾದರೆ ದಡದಲ್ಲಿ ಹಾಕಿಕೊಳ್ಳಿ. ಜಾಗವನ್ನು ಮೊದಲೇ ಗುರುತು ಮಾಡಿ ಸಂಖ್ಯೆ ಕೊಟ್ಟಿರುವ ಕಡೆ ಅದರೊಳಗೇ ಇರಬೇಕಾಗುತ್ತದೆ ನಿಜ, ಆದರೆ ಆ ಚೌಕದೊಳಗೂ ಒಂದು ಮೂಲೆ ಇನ್ನೊಂದಕ್ಕಿಂತ ವಾಸಿಯಿರುತ್ತದೆ.

ಕೊನೆಯ ಪರೀಕ್ಷೆ: ಬರೀ ನೆಲದ ಮೇಲೆ ಅಂಗಾತ ಮಲಗಿ ನೋಡಿ. ಕಣ್ಣಿಗೆ ಕಾಣದ ಬೇರು ಸೊಂಟಕ್ಕೆ ಸಿಗುತ್ತದೆ.

4. ಟೆಂಟ್ ಹಾಕುವುದು

ಕಲ್ಲು, ಕಡ್ಡಿ ಆರಿಸಿ ಪಕ್ಕಕ್ಕಿಡಿ; ನೆಲ ಅಗೆಯಬೇಡಿ, ಸುತ್ತ ಕಾಲುವೆ ತೋಡಬೇಡಿ. ಒಳ್ಳೆಯ ಜಾಗಕ್ಕೆ ಕಾಲುವೆ ಬೇಕಿಲ್ಲ, ಕೆಟ್ಟ ಜಾಗವನ್ನು ಕಾಲುವೆ ಉಳಿಸುವುದೂ ಇಲ್ಲ. ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ನಾಲ್ಕೂ ಕಡೆ ಚಿಕ್ಕದಿರಲಿ, ದೊಡ್ಡದಿದ್ದರೆ ಅಂಚನ್ನು ಒಳಗೆ ಮಡಚಿ. ಹೊರಗೆ ಚಾಚಿದ ಅಂಚು ಹೊದಿಕೆಯಿಂದ ಇಳಿದ ಮಳೆನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಡಿಗೆ ತಂದುಬಿಡುತ್ತದೆ. ‘ಟೆಂಟ್ ಸೋರುತ್ತದೆ’ ಎಂಬ ದೂರುಗಳಲ್ಲಿ ಒಂದು ದೊಡ್ಡ ಪಾಲಿನ ಮೂಲ ಈ ಅಂಚು.

ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಗೂಟದ ತಲೆ ಟೆಂಟಿನಿಂದ ಆಚೆಗೆ ಬಾಗಿರುವಂತೆ ಓರೆಯಾಗಿ ಹೊಡೆಯಿರಿ. ಮರಳು ನೆಲದಲ್ಲಿ ಗೂಟ ನಿಲ್ಲುವುದಿಲ್ಲ. ಒಂದು ಗಟ್ಟಿ ಕೋಲಿನ ನಡುವಿಗೆ ಹಗ್ಗ ಕಟ್ಟಿ, ಎಳೆತಕ್ಕೆ ಅಡ್ಡವಾಗಿ ಮೊಳಕೈ ಆಳಕ್ಕೆ ಹೂತು, ಮೇಲೆ ಮರಳು ತುಳಿದು ಗಟ್ಟಿ ಮಾಡಿ.

ಹೊದಿಕೆಯಿಂದ ಹೊರಡುವ ಆಧಾರದ ಹಗ್ಗಗಳನ್ನು ಆಕಾಶ ತಿಳಿಯಾಗಿದೆ ಎಂದು ಕಟ್ಟದೆ ಬಿಡುವವರೇ ಬಹಳ. ಆ ಹಗ್ಗಗಳಿರುವುದು ಗಾಳಿಗಷ್ಟೇ ಅಲ್ಲ, ಹೊದಿಕೆ ಒಳಗಿನ ಜಾಲರಿಗೆ ತಾಗದಂತೆ ಎಳೆದು ಹಿಡಿಯಲಿಕ್ಕೂ ಕೂಡ. ಬಿಗಿ ಹೊಂದಿಸುವ ಗಂಟೊಂದನ್ನು ಕಲಿಯಿರಿ: ಹಗ್ಗದ ತುದಿಯನ್ನು ಗೂಟದ ಸುತ್ತ ತಂದು, ಟೆಂಟಿನಿಂದ ಬರುವ ಹಗ್ಗಕ್ಕೆ ಕುಣಿಕೆಯ ಒಳಗಡೆ, ಗೂಟದ ಕಡೆಗೆ ಸಾಗುವಂತೆ ಎರಡು ಸುತ್ತು ಸುತ್ತಿ. ಆಮೇಲೆ ತುದಿಯನ್ನು ಆ ಎರಡೂ ಸುತ್ತು ದಾಟಿಸಿ ಟೆಂಟಿನ ಬದಿಗೆ ತಂದು, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ, ಆ ಸುತ್ತಿನಡಿಯೇ ತೂರಿಸಿ ಬಿಗಿಯಿರಿ. ಗಂಟನ್ನು ಕೈಯಲ್ಲಿ ಹಿಡಿದು ಸರಿಸಿದರೆ ಸರಿಯುತ್ತದೆ, ಹಗ್ಗ ಜಗ್ಗಿದರೆ ಕಚ್ಚಿ ನಿಲ್ಲುತ್ತದೆ. ನೈಲಾನ್ ಬಟ್ಟೆ ಒದ್ದೆಯಾದರೆ ಹಿಗ್ಗಿ ಜೋಲುವುದರಿಂದ ಮಲಗುವ ಮುನ್ನ ಒಮ್ಮೆ ಎಲ್ಲ ಗಂಟುಗಳನ್ನೂ ಬಿಗಿ ಮಾಡಿ.

ಚಳಿಯೆಂದು ಟೆಂಟಿನ ಗಾಳಿಕಿಂಡಿಗಳನ್ನು ಮುಚ್ಚಬೇಡಿ. ಉಸಿರಿನ ತೇವ ಹೋಗಲು ದಾರಿಯಿಲ್ಲದೆ ತಣ್ಣನೆಯ ಬಟ್ಟೆಯ ಮೇಲೆ ಹನಿಗಟ್ಟಿ ತಲೆಯ ಮೇಲೇ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಕಾಣುವ ನೀರು ಎಷ್ಟೋ ಸಲ ಮಳೆಯದ್ದಲ್ಲ, ನಿಮ್ಮದೇ ಉಸಿರಿನದ್ದು.

5. ಕುಡಿಯುವ ನೀರು

ಕೈಪಂಪಿನ ಮೇಲೆ ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕ ಇದೆಯೇ ನೋಡಿ. ಸರೋವರದ ನೀರನ್ನಂತೂ, ಅದು ಎಷ್ಟೇ ತಿಳಿಯಿದ್ದರೂ, ಹಾಗೇ ಕುಡಿಯಬೇಡಿ. ಎಲ್ಲಕ್ಕಿಂತ ನಂಬಿಕೆಯ ದಾರಿ ಕುದಿಸುವುದು: ನೀರು ಕೊತಕೊತ ಕುದಿಯತೊಡಗಿದ ಮೇಲೆ 1 ನಿಮಿಷ, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ 3 ನಿಮಿಷ. ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅದಕ್ಕೇ ಹೆಚ್ಚು ಹೊತ್ತು. ಕೈಯಲ್ಲಿ ಒಯ್ಯುವ 0.1 ಅಥವಾ 0.2 ಮೈಕ್ರಾನ್ ರಂಧ್ರದ ಫಿಲ್ಟರುಗಳು ಬ್ಯಾಕ್ಟೀರಿಯಾವನ್ನೂ, ಜಿಯಾರ್ಡಿಯಾದಂಥ ಹೊಟ್ಟೆ ಕೆಡಿಸುವ ಪರಾವಲಂಬಿಗಳನ್ನೂ ತಡೆಯುತ್ತವೆ. ವೈರಸ್ಸುಗಳು ಅದಕ್ಕಿಂತ ಸಣ್ಣವು, ನುಸುಳಿಬಿಡುತ್ತವೆ. ಕ್ಲೋರಿನ್ ಗುಳಿಗೆಗೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸುಲಭಕ್ಕೆ ಜಗ್ಗುವುದಿಲ್ಲ. ಜನವಸತಿ ಹತ್ತಿರವಿದ್ದರೆ ಫಿಲ್ಟರ್ ಮಾಡಿ ಆಮೇಲೆ ಕುದಿಸುವುದೇ ಕ್ಷೇಮ.

ಒಂದು ಎಚ್ಚರಿಕೆ ಬಹಳ ಜನಕ್ಕೆ ಗೊತ್ತಿಲ್ಲ. ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಅದು ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿಹಸಿರು ಪಾಚಿ ಇರಬಹುದು. ಅದರ ಕೆಲವು ಬಗೆಗಳು ಬಿಡುವ ವಿಷ ಕುದಿಸಿದರೆ ಹೋಗುವುದಿಲ್ಲ, ಸಾಮಾನ್ಯ ಫಿಲ್ಟರಿನಲ್ಲೂ ನಿಲ್ಲುವುದಿಲ್ಲ. ಅಂಥ ನೀರು ಕುಡಿಯಲೂ ಬೇಡ, ಈಜಲೂ ಬೇಡ, ನಾಯಿಯನ್ನೂ ಇಳಿಸಬೇಡಿ.

ಪಾತ್ರೆ ತೊಳೆಯುವುದು, ಸೋಪು ಹಚ್ಚುವುದು ನೀರಿನಿಂದ ಅದೇ 60 ಮೀಟರ್ ಆಚೆ. ‘ಮಣ್ಣಿನಲ್ಲಿ ಕರಗುವ ಸೋಪು’ ಕೂಡ ಕರಗಲು ಮಣ್ಣೇ ಬೇಕು, ಸರೋವರ ಅಲ್ಲ.

6. ಒಲೆ ಮತ್ತು ಬೆಂಕಿ

ಟೆಂಟಿನೊಳಗೆ ಒಲೆ ಹಚ್ಚಬೇಡಿ. ಬಾಗಿಲಿನ ಚಾಚಿನಡಿಯೂ ಬೇಡ, ಮಳೆ ಬಂದರೂ ಬೇಡ, ಕೈ ಬೆಚ್ಚಗೆ ಮಾಡಿಕೊಳ್ಳಲು ಕೆಂಡದ ಬಾಣಲೆಯೂ ಬೇಡ. ಉರಿಯಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ. ಮಳೆಗೆ ಅಡುಗೆ ಮಾಡಬೇಕೆಂದೇ ಆ ಹೆಚ್ಚುವರಿ ಟಾರ್ಪಾಲು: ಎತ್ತರವಾಗಿ ಕಟ್ಟಿ, ಸುತ್ತ ತೆರೆದಿಟ್ಟು, ಅದರಡಿ ಒಲೆ ಇಡಿ.

ಚಳಿ ಪ್ರದೇಶಕ್ಕೆ ಬರೀ ಬ್ಯೂಟೇನ್ ತುಂಬಿದ ಗ್ಯಾಸ್ ಡಬ್ಬಿ ಒಯ್ದರೆ ಬೆಳಿಗ್ಗೆ ಒಲೆ ಹತ್ತುವುದಿಲ್ಲ. ಬ್ಯೂಟೇನ್ −0.5 ಡಿಗ್ರಿಗಿಂತ ಕೆಳಗೆ ಆವಿಯಾಗದೆ ದ್ರವವಾಗಿಯೇ ಉಳಿಯುತ್ತದೆ. ಪ್ರೊಪೇನ್ −42ರವರೆಗೂ ಆವಿಯಾಗುವುದರಿಂದ ಅದು ಬೆರೆತ ಡಬ್ಬಿ ಕೊಳ್ಳಿ.

ಸೌದೆಯನ್ನು ದೂರದಿಂದ ಹೊತ್ತು ತರಬೇಡಿ. ತೊಗಟೆಯಡಿಯ ಹುಳು, ಮೊಟ್ಟೆ ನಿಮ್ಮ ಜೊತೆ ಪ್ರಯಾಣ ಮಾಡಿ ಹೊಸ ಕಾಡಿನ ಮರಗಳಿಗೆ ಹತ್ತಿಕೊಳ್ಳುತ್ತವೆ. ಹೀಗಾಗಿಯೇ ಹಲವು ಕಡೆ ಹೊರಗಿನ ಸೌದೆಗೆ ನಿಷೇಧವಿದೆ. ಅಲ್ಲೇ ಬಿದ್ದದ್ದನ್ನು ಆರಿಸಲು ಅನುಮತಿಯಿದ್ದರೆ ಒಣಗಿದ್ದನ್ನಷ್ಟೇ ಆರಿಸಿ. ಮುರಿದಾಗ ಲಟ್ಟೆಂದರೆ ಒಣಗಿದೆ, ಬಳುಕಿದರೆ ಹಸಿಯಿದೆ. ಕಡ್ಡಿ ಗಾತ್ರದ ಪುರಲೆ, ಬೆರಳು ಗಾತ್ರದ್ದು, ಮಣಿಕಟ್ಟು ಗಾತ್ರದ್ದು ಎಂದು ಮೂರು ಗುಡ್ಡೆ ಮಾಡಿಕೊಂಡ ಮೇಲೆಯೇ ಕಡ್ಡಿ ಗೀರಿ. ಪುರಲೆ ಸಾಕು ಎನ್ನಿಸುವುದರ ಎರಡರಷ್ಟು ಬೇಕು.

ಬೆಂಕಿ ನಂದಿಸುವುದು ಹಚ್ಚುವುದಕ್ಕಿಂತ ಹೆಚ್ಚು ಕೆಲಸ. ನೀರು ಸುರಿಯಿರಿ, ಕೋಲಿನಿಂದ ಕೆದಕಿ, ಅಡಿಯ ಕೆಂಡ ಮೇಲೆ ಬರಲಿ, ಮತ್ತೆ ಸುರಿಯಿರಿ. ಚುಂಯ್‌ಗುಟ್ಟುವುದು ನಿಲ್ಲುವವರೆಗೂ ಬಿಡಬೇಡಿ. ಬಳಿಕ ಅಂಗೈ ಹಿಂಭಾಗವನ್ನು ಬೂದಿಯ ಮೇಲೆ ಹಿಡಿದು ನೋಡಿ, ಬಿಸಿ ಹೊಡೆಯದಿದ್ದರೆ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಅದು ಆರಿಲ್ಲ. ಮಣ್ಣು ಮುಚ್ಚಿ ಎದ್ದುಹೋಗುವ ಅಭ್ಯಾಸ ಅಪಾಯದ್ದು, ಮಣ್ಣಿನಡಿ ಕೆಂಡ ಗಂಟೆಗಟ್ಟಲೆ ಜೀವಂತವಿರುತ್ತದೆ.

7. ಊಟ, ಕಸ, ಪ್ರಾಣಿಗಳು

ಟೆಂಟಿನೊಳಗೆ ತಿನ್ನುವ ವಸ್ತು ಯಾವುದೂ ಇರಕೂಡದು. ತಿಂಡಿಯಷ್ಟೇ ಅಲ್ಲ, ಟೂತ್‌ಪೇಸ್ಟ್, ಸೋಪು, ಕಸದ ಚೀಲ, ಮಕ್ಕಳ ಜೇಬಿನ ಮಿಠಾಯಿ ಎಲ್ಲವೂ ಪ್ರಾಣಿಯ ಮೂಗಿಗೆ ಒಂದೇ. ಇಲಿ ಕೂಡ ಒಂದು ರಾತ್ರಿಯಲ್ಲಿ ಟೆಂಟಿಗೆ ತೂತು ಕೊರೆದೀತು. ಜಾಗದವರು ಲೋಹದ ಪೆಟ್ಟಿಗೆ ಇಟ್ಟಿದ್ದರೆ ಅದರಲ್ಲಿಡಿ. ಇಲ್ಲದಿದ್ದರೆ, ಅಲ್ಲಿನ ನಿಯಮ ಒಪ್ಪುವುದಾದರೆ, ವಾಹನದೊಳಗೆ ಗಾಜು ಏರಿಸಿ ಇಡಿ. ಮರಕ್ಕೆ ನೇತು ಹಾಕುವುದಾದರೆ ನೆಲದಿಂದ 4 ಮೀಟರ್ ಮೇಲೆ, ಬೊಡ್ಡೆಯಿಂದ 2 ಮೀಟರ್ ಆಚೆ, ಟೆಂಟಿನಿಂದ 60 ಮೀಟರ್ ದೂರ. ಹಗ್ಗ ಎಸೆಯುವ ಕೆಲಸ ಬೆಳಕಿರುವಾಗಲೇ ಮುಗಿಸಿ.

8. ಶೌಚ

ಗುಂಡಿ ಶೌಚಾಲಯವಿದ್ದರೆ ಅದನ್ನೇ ಬಳಸಿ, ಅದರೊಳಗೆ ಕಸ ಹಾಕಬೇಡಿ. ಗುಂಡಿಯನ್ನು ಪೈಪಿನಿಂದ ಹೀರಿ ಖಾಲಿ ಮಾಡಬೇಕು. ಡೈಪರ್, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಯಾರಾದರೂ ಅದನ್ನು ಕೋಲು ಹಾಕಿ ಎತ್ತಬೇಕಾಗುತ್ತದೆ. ಶೌಚಾಲಯವಿಲ್ಲದಿದ್ದರೆ ನೀರು, ದಾರಿ, ಟೆಂಟು ಮೂರರಿಂದಲೂ 60 ಮೀಟರ್ ದೂರ ಹೋಗಿ 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ, ಮುಚ್ಚಿ ಬನ್ನಿ. ಕಾಗದ ವಾಪಸು ಚೀಲದಲ್ಲಿ.

9. ಕಚ್ಚುವ ಹುಳುಗಳು

ಸೊಳ್ಳೆಗೆ ಡೀಟ್ ಅಥವಾ ಪಿಕಾರಿಡಿನ್ ಇರುವ ಮುಲಾಮು ಕೆಲಸ ಮಾಡುತ್ತದೆ. ಡೀಟ್ ಪ್ಲಾಸ್ಟಿಕ್ಕನ್ನೂ ಕೆಲವು ಕೃತಕ ಬಟ್ಟೆಗಳನ್ನೂ ಕರಗಿಸುತ್ತದೆ, ಆ ಕೈಯಲ್ಲಿ ಟೆಂಟನ್ನೋ ಕನ್ನಡಕವನ್ನೋ ಮುಟ್ಟಬೇಡಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ಓಡಾಡಿ, ಸಂಜೆ ಕಂಕುಳು, ತೊಡೆಸಂದು, ಮಂಡಿಯ ಹಿಂದೆ, ಕಿವಿಯ ಹಿಂದೆ ಉಣುಗು ಹತ್ತಿದೆಯೇ ನೋಡಿಕೊಳ್ಳಿ. ಹತ್ತಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ, ಅದರ ಬಾಯಿಯ ಬಳಿಯೇ ಹಿಡಿದು, ತಿರುಚದೆ ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಹಚ್ಚುವುದು ಬೇಡ. ಮುಂದಿನ ವಾರಗಳಲ್ಲಿ ಜ್ವರವೋ ಚರ್ಮದ ಮೇಲೆ ಕೆಂಪು ವೃತ್ತವೋ ಕಂಡರೆ ವೈದ್ಯರಿಗೆ ತೋರಿಸಿ, ಉಣುಗು ಕಚ್ಚಿದ್ದನ್ನು ಹೇಳಿ.

10. ರಾತ್ರಿ

ಹಗಲು ಹಾಕಿದ ಬಟ್ಟೆಯಲ್ಲೇ ಮಲಗಬೇಡಿ, ಅದರಲ್ಲಿ ಬೆವರಿನ ತೇವವಿರುತ್ತದೆ. ಮಲಗಲಿಕ್ಕೆಂದೇ ಒಣ ಬಟ್ಟೆ, ಒಣ ಕಾಲುಚೀಲ ಒಂದು ಚೀಲದಲ್ಲಿ ಬೇರೆ ಇಡಿ. ತಲೆಗೆ ಟೋಪಿ ಹಾಕಿ, ಮೂಗು ಬಾಯಿ ಸ್ಲೀಪಿಂಗ್ ಬ್ಯಾಗಿನ ಹೊರಗಿರಲಿ. ಒಳಗೆ ಉಸಿರು ಬಿಟ್ಟರೆ ಬ್ಯಾಗೇ ಒದ್ದೆ. ಬಿಸಿನೀರು ತುಂಬಿ ಮುಚ್ಚಳ ಬಿಗಿದ ಬಾಟಲಿಯನ್ನು ಕಾಲುಚೀಲದಲ್ಲಿ ತೂರಿಸಿ ಪಾದದ ಬಳಿ ಇಟ್ಟುಕೊಂಡರೆ ಅರ್ಧ ರಾತ್ರಿ ಸುಖ. ಮೂತ್ರಕ್ಕೆ ಎದ್ದು ಹೋಗಬೇಕೆನಿಸಿದರೆ ಹೋಗಿಬಿಡಿ, ತಡೆದುಕೊಂಡು ಮಲಗಿದರೆ ನಿದ್ದೆಯೂ ಇಲ್ಲ, ಸಮಾಧಾನವೂ ಇಲ್ಲ.

ಗುಡುಗು ಕೇಳಿಸಿದರೆ ನೀರಿನಿಂದ ತಕ್ಷಣ ಮೇಲೆ ಬನ್ನಿ. ಟೆಂಟ್ ಸಿಡಿಲಿನಿಂದ ಕಾಪಾಡುವುದಿಲ್ಲ. ಲೋಹದ ಛಾವಣಿಯ ಕಾರಿನೊಳಗೆ ಕೂತು, ಕಡೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಹೊರಬನ್ನಿ. ಜೊತೆಯವರಲ್ಲಿ ಯಾರಾದರೂ ನಡುಗುತ್ತಾ ನಡುಗುತ್ತಾ ಮಾತು ತೊದಲಲು, ಎಡವಲು ಶುರು ಮಾಡಿದರೆ ಅದು ಬರೀ ಚಳಿಯಲ್ಲ, ಮೈಯ ಶಾಖ ಅಪಾಯಕ್ಕೆ ಇಳಿಯುತ್ತಿದೆ. ಒದ್ದೆ ಬಟ್ಟೆ ಕಳಚಿ, ಒಣಗಿದ್ದು ಹೊದಿಸಿ, ಕೆಳಗೆ ಮ್ಯಾಟ್ ಹಾಕಿ, ಎಚ್ಚರವಿದ್ದರೆ ಬಿಸಿ ಸಿಹಿ ಪಾನೀಯ ಕುಡಿಸಿ, ನೆರವಿಗೆ ಹೊರಡಿ. ಮದ್ಯ ಕೊಡಬೇಡಿ.

11. ಹೊರಡುವಾಗ, ಮನೆಗೆ ಬಂದ ಮೇಲೆ

ಗೂಟಗಳನ್ನು ಎಣಿಸಿ, ಕಸವನ್ನೆಲ್ಲ ಹೊತ್ತು ತನ್ನಿ, ಸರಿಸಿದ ಕಲ್ಲು ಕಡ್ಡಿಗಳನ್ನು ಇದ್ದ ಕಡೆ ಹರಡಿ. ಬೆಳಿಗ್ಗೆ ಟೆಂಟ್ ಒದ್ದೆಯಿದ್ದರೆ ಒದ್ದೆಯಾಗಿಯೇ ಸುತ್ತಿ ತರಬಹುದು, ಆದರೆ ಮನೆ ಮುಟ್ಟಿದ ದಿನವೇ ಬಿಚ್ಚಿ ನೆರಳಲ್ಲಿ ಹರಡಬೇಕು. ಹೊಲಿಗೆಯ ಅಂಚು, ಜಿಪ್ಪಿನ ಬುಡ ಕೊನೆಗೆ ಆರುವ ಜಾಗಗಳು, ಅಲ್ಲಿ ಬೆರಳಿಟ್ಟು ನೋಡಿ. ತೇವವಿರುವಾಗ ಮಡಚಿಟ್ಟರೆ ಬೂಷ್ಟು ಹಿಡಿಯುವುದಲ್ಲದೆ, ಒಳಮೈಯ ಪಾಲಿಯುರೆಥೇನ್ ಲೇಪ ಕ್ರಮೇಣ ಕರಗಿ ಅಂಟಂಟಾಗಿ ಹುಳಿ ನಾತ ಹೊಡೆಯುತ್ತದೆ, ಆ ಟೆಂಟ್ ಮತ್ತೆ ನೀರು ತಡೆಯುವುದಿಲ್ಲ. ಸ್ಲೀಪಿಂಗ್ ಬ್ಯಾಗನ್ನೂ ಅದರ ಬಿಗಿ ಚೀಲದಲ್ಲಿ ತಿಂಗಳುಗಟ್ಟಲೆ ತುರುಕಿಡದೆ, ದೊಡ್ಡ ಬಟ್ಟೆ ಚೀಲದಲ್ಲಿ ಸಡಿಲವಾಗಿ ತೂಗುಹಾಕಿ.